‘ಸಿಬಿಲ್ ಸರಿ ಇಲ್ಲ’ ಎಂಬುದನ್ನು ಬರೆದು ಕೊಡಿಸಿ

ಕಲಬುರಗಿ ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಅಗ್ರಣಿ ಬ್ಯಾಂಕಿನ ವ್ಯವಸ್ಥಾಪಕರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಕಲಬುರಗಿಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಸಣ್ಣ ಅಂಗಡಿ ನಡೆಸುತ್ತೇನೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆವಿಮೆ, ವಿದ್ಯಾರ್ಥಿವೇತನ, ಪರೀಕ್ಷೆಯ ಹಾಲ್ ಟಿಕೆಟ್ ಹೀಗೆ ಯಾವುದೇ ಕಚೇರಿಯ ಬಾಗಿಲಿಗೆ ಹೋಗುವ ಮೊದಲು ಜನ ಒಮ್ಮೆ ನಿಲ್ಲುವ ಜಾಗ ನಮ್ಮಂಥವರ ಅಂಗಡಿ. ಮೊದಲೆಲ್ಲ ಯಾರೂ ಕೇಳದಿದ್ದ ಒಂದು ಕಾಗದವನ್ನು ಈಗ ವಾರಕ್ಕೆ ಹತ್ತು ಹನ್ನೆರಡು ಮಂದಿ ಕೇಳುತ್ತಾರೆ. ‘ನಮ್ಮ ಸಿಬಿಲ್ ತೆಗೆದು ಕೊಡಿ’ ಎನ್ನುತ್ತಾರೆ. ಯಾರು ಎಷ್ಟು ಸಾಲ ಪಡೆದರು, ಹೇಗೆ ಕಟ್ಟಿದರು ಎಂಬುದರ ವರದಿ ಮತ್ತು ಅದಕ್ಕೆ ಕೊಡುವ ಅಂಕ ಅದು. ಕೇಳುವಾಗ ದನಿ ತಗ್ಗಿರುತ್ತದೆ. ಪಕ್ಕದಲ್ಲಿ ಊರಿನವರು ಯಾರಾದರೂ ನಿಂತಿದ್ದರೆ ಅವರು ಹೋಗುವವರೆಗೂ ಸುಮ್ಮನೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಲ್ಲುತ್ತಾರೆ.

ಇವರಲ್ಲಿ ಹೆಚ್ಚಿನವರು ಬ್ಯಾಂಕಿನಿಂದ ನೇರವಾಗಿ ಬಂದವರು. ಅಲ್ಲಿ ಯಾರೋ ಕಂಪ್ಯೂಟರ್ ಪರದೆ ನೋಡಿ ‘ನಿಮ್ಮ ಸಿಬಿಲ್ ಸರಿ ಇಲ್ಲ’ ಎಂದು ಕಳುಹಿಸಿರುತ್ತಾರೆ. ಯಾವ ಸಾಲ, ಯಾವ ವರ್ಷದ್ದು, ಎಷ್ಟು ಬಾಕಿ, ಯಾರು ಬರೆಸಿದ್ದು ಎಂಬ ಒಂದು ಮಾತೂ ಇಲ್ಲ, ಒಂದು ಚೀಟಿಯೂ ಇಲ್ಲ. ಮನುಷ್ಯ ಮೂವತ್ತು ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ ವಾಪಸು ಹೋಗುವಾಗ ತನ್ನ ತಪ್ಪು ಏನೆಂದು ತಾನೇ ಊಹಿಸಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಜಿಲ್ಲೆಯ ಎಲ್ಲ ಬ್ಯಾಂಕುಗಳವರನ್ನು ಒಂದೇ ಮೇಜಿನ ಸುತ್ತ ಕೂರಿಸುವ ಸಭೆಗೆ ಜಿಲ್ಲಾಧಿಕಾರಿಗಳಾದ ತಾವೇ ಅಧ್ಯಕ್ಷರು, ಆ ಸಭೆ ಕರೆಯುವವರು ಅಗ್ರಣಿ ಬ್ಯಾಂಕಿನವರು. ಆದ್ದರಿಂದ ಈ ಪತ್ರ ತಮಗೆ.

ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ಊರಿನವರ ಅರ್ಜಿ ತುಂಬುವವನಿಗೆ ತನ್ನದೇ ವರದಿ ನೋಡಿಕೊಳ್ಳಬೇಕೆಂದು ತೋಚಿರಲಿಲ್ಲ ಎಂಬುದು ನಾಚಿಕೆಯ ವಿಷಯವೇ. 2017ರಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ 42,000 ರೂಪಾಯಿ ಸಾಲ ಪಡೆದು ಬೈಕ್ ಕೊಂಡೆ. ತಿಂಗಳಿಗೆ 2,150ರಂತೆ ಇಪ್ಪತ್ತನಾಲ್ಕು ಕಂತು. ನಡುವೆ ಒಂದು ತಿಂಗಳು ಖಾತೆಯಲ್ಲಿ ಎಂಬತ್ತು ರೂಪಾಯಿ ಕಡಿಮೆ ಇತ್ತು, ಕಂತು ಬೌನ್ಸ್ ಆಯಿತು. ಮುಂದಿನ ವಾರವೇ ಕೌಂಟರಿಗೆ ಹೋಗಿ ನಗದು ಕಟ್ಟಿ ರಸೀದಿ ತಂದೆ. ಬೌನ್ಸ್ ಆದದ್ದಕ್ಕೆ 590 ರೂಪಾಯಿ ಬೇರೆ ಕಟ್ಟಬೇಕಿತ್ತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೊನೆಯ ಕಂತು ತೀರಿದ ದಿನ ಪೇಢೆ ಹಂಚಿದೆನೇ ಹೊರತು ಸಾಲ ಪೂರ್ತಿ ತೀರಿದೆ ಎಂಬ ಬೇಬಾಕಿ ಪತ್ರ ತರಲು ಹೋಗಲಿಲ್ಲ. ಬೈಕ್ ಮಾರುವ ಯೋಚನೆ ಇರಲಿಲ್ಲವಾದ್ದರಿಂದ ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ತೆಗೆಸುವ ಗೋಜಿಗೂ ಹೋಗಲಿಲ್ಲ.

2024ರಲ್ಲಿ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಶಿಕ್ಷಣ ಸಾಲಕ್ಕೆ ತಂದೆಯೂ ಸಹಿ ಹಾಕಬೇಕು. ಬ್ಯಾಂಕಿನವರು ‘ತಂದೆಯ ಸಿಬಿಲ್ ಸರಿ ಇಲ್ಲ’ ಎಂದರು, ಮಗಳ ಎದುರಿನಲ್ಲೇ. ಅಂಗಡಿಗೆ ಬಂದು ನೋಡಿದರೆ ನನ್ನ ಅಂಕ 900ಕ್ಕೆ 611. ಆ 590 ರೂಪಾಯಿ ಐದು ವರ್ಷ ಬೆಳೆದು 6,000 ದಾಟಿತ್ತು, ಪಕ್ಕದಲ್ಲಿ ‘ರೈಟ್ ಆಫ್’ ಎಂದು ಬರೆದಿತ್ತು. ಕೊಟ್ಟ ಹಣ ಬರುವುದಿಲ್ಲವೆಂದು ಕೈಬಿಟ್ಟಾಗ ಕಂಪನಿ ಬರೆಯುವ ಮಾತು ಅದು. ಹೆಂಡತಿಯ ಬೋರಮಾಳ ಸರ ಒತ್ತೆ ಇಟ್ಟು ಮೊದಲ ವರ್ಷದ ಶುಲ್ಕ ಕಟ್ಟಿದೆವು. ಅವಳು ಏನೂ ಹೇಳಲಿಲ್ಲ. ಮದುವೆ ಮನೆಗಳಿಗೆ ಹೋಗುವುದನ್ನು ಮಾತ್ರ ಆ ವರ್ಷ ಕಡಿಮೆ ಮಾಡಿದಳು.

ವರದಿ ಇಡುವ ಸಂಸ್ಥೆಗೆ ಮೊದಲು ದೂರು ಕೊಟ್ಟಾಗ 28ನೇ ದಿನಕ್ಕೆ ಉತ್ತರ ಬಂತು: ಸಾಲ ಕೊಟ್ಟವರು ಮಾಹಿತಿ ಸರಿಯಿದೆ ಎಂದಿದ್ದಾರೆ, ತಿದ್ದಲಾಗದು. ರಸೀದಿ ಹುಡುಕಿದೆ. ಸಿಕ್ಕಿತು. ಆದರೆ ಆ ನುಣುಪು ಕಾಗದದ ಮೇಲಿನ ಅಕ್ಷರ ಪೂರ್ತಿ ಮಾಸಿ ಬಿಳಿ ಹಾಳೆಯಾಗಿತ್ತು. ಹದಿನೈದು ವರ್ಷದಿಂದ ಝೆರಾಕ್ಸ್ ಅಂಗಡಿ ಇಟ್ಟವನು ತನ್ನ ಒಂದು ರಸೀದಿಯ ಪ್ರತಿ ತೆಗೆದಿಟ್ಟಿರಲಿಲ್ಲ! ಬ್ಯಾಂಕ್ ಪಾಸ್‌ಬುಕ್ಕಿನ ನಮೂದುಗಳನ್ನು ಲಗತ್ತಿಸಿ, ನ್ಯಾಯವಾಗಿ ಬರಬೇಕಿದ್ದ 590 ರೂಪಾಯಿಯನ್ನೂ ಕಟ್ಟಿ, ಕಂಪನಿಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಮತ್ತು ವರದಿ ಇಟ್ಟ ಸಂಸ್ಥೆಗೆ ಎರಡನೇ ದೂರು ಕೊಟ್ಟೆ. ಸರಿಯಾಗಲು 71 ದಿನ ಹಿಡಿಯಿತು. ಮೂವತ್ತು ದಿನ ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ, 2024ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ನಲವತ್ತೊಂದು ದಿನಕ್ಕೆ ನನಗೆ 4,100 ರೂಪಾಯಿ ಬಂತು. ಬೋರಮಾಳದ ಬಡ್ಡಿಗೆ ಅದು ಸಾಲಲಿಲ್ಲ.

ನನಗೆ ಓದಲು ಬರುತ್ತದೆ, ಕಂಪ್ಯೂಟರ್ ನನ್ನದೇ, ದೂರು ಬರೆಯುವುದು ನನ್ನ ಕಸುಬು. ನನಗೇ ನಾಲ್ಕು ತಿಂಗಳಾದರೆ ಯಡ್ರಾಮಿಯ ರೈತನಿಗೆ, ಶಹಾಬಾದಿನ ಕಲ್ಲುಗಣಿಯ ಕೂಲಿಯವನಿಗೆ ಎಷ್ಟು ದಿನ?

ಈ ‘ಸಿಬಿಲ್’ ಎಂಬುದೇ ಒಂದು ಕಂಪನಿಯ ಹೆಸರು ಎಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಪ್ರತಿ ತೆಗೆಯುವ ಕೆಲಸಕ್ಕೆಲ್ಲ ಝೆರಾಕ್ಸ್ ಎಂಬ ಕಂಪನಿಯ ಹೆಸರು ಅಂಟಿಕೊಂಡಂತೆ ಇದೂ ಅಂಟಿಕೊಂಡಿದೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ದೇಶದಲ್ಲಿ ಸಾಲದ ದಾಖಲೆ ಇಡುತ್ತವೆ. ಅಂಕ 300ರಿಂದ 900ರವರೆಗೆ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಹಾಗಿದ್ದೂ ಐನೂರು, ಸಾವಿರ ರೂಪಾಯಿ ಕೊಟ್ಟು ವರದಿ ತೆಗೆಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಮುದ್ರಣಕ್ಕೆ ಪುಟಕ್ಕೆ ಎರಡು ರೂಪಾಯಿ ಕೊಟ್ಟರೆ ಮುಗಿಯುವ ಕೆಲಸ. ಒಂದು ತೊಡಕು ನಿಜ: ಒಟಿಪಿ ಬರುವುದು ಸಾಲ ಪಡೆದಾಗ ಕೊಟ್ಟ ಮೊಬೈಲ್ ನಂಬರಿಗೆ. ಆ ಸಿಮ್ ಈಗ ಯಾರ ಕೈಯಲ್ಲಿದೆಯೋ.

ಕೈಗೆ ಬಂದ ಮೇಲೂ ಅದು ಇಂಗ್ಲಿಷಿನ ಎಂಟು ಹತ್ತು ಪುಟ. ಆಳಂದದ ಕಡೆಯ ಒಬ್ಬ ಹಿರಿಯರ ವರದಿಯಲ್ಲಿ ಅಂಕದ ಜಾಗದಲ್ಲಿ ‘-1’ ಎಂದಿತ್ತು. ‘ಮೈನಸ್ ಅಂದರೆ ನಾನೇ ಇನ್ನೂ ಕೊಡಬೇಕೇನಪ್ಪಾ?’ ಎಂದು ಕೇಳಿದರು. ಅವರು ಯಾವ ಬ್ಯಾಂಕಿನಿಂದಲೂ ಒಂದು ರೂಪಾಯಿ ಸಾಲ ಪಡೆದವರಲ್ಲ ಎಂದು ಅದರ ಅರ್ಥ. ಗಂಜ್‌ನ ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷದ ಉದ್ರಿ ಲೆಕ್ಕ, ಪ್ರತಿ ವರ್ಷ ತೊಗರಿ ಮಾರಿದ ದಿನವೇ ಚುಕ್ತಾ. ಅಂಥ ಮನುಷ್ಯನ ಬಗ್ಗೆ ಈ ನಾಲ್ಕು ಸಂಸ್ಥೆಗಳಿಗೆ ಏನೂ ಗೊತ್ತಿಲ್ಲ. ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಕೇಂದ್ರ ಹಣಕಾಸು ರಾಜ್ಯ ಸಚಿವರು 2025ರಲ್ಲಿ ಲೋಕಸಭೆಯಲ್ಲೂ ಇದನ್ನೇ ಹೇಳಿದ್ದಾರೆ. ಆ ಹಿರಿಯರಿಗೆ ಶಾಖೆಯಲ್ಲಿ ಹೇಳಿದ್ದು ಮಾತ್ರ ‘ಸಿಬಿಲ್ ಇಲ್ಲ, ಸಾಲ ಇಲ್ಲ’.

ಇನ್ನು ಹೆಸರುಗಳ ಗೊಂದಲ. ನಮ್ಮ ಕಡೆ ಒಂದೊಂದು ಊರಿನಲ್ಲಿ ನಾಲ್ಕು ಶರಣಪ್ಪ, ಐದು ಮಲ್ಲಿಕಾರ್ಜುನ ಇರುತ್ತಾರೆ. ಇಂಗ್ಲಿಷಿನಲ್ಲಿ ಅದೇ ಶರಣಪ್ಪನನ್ನು ಆಧಾರದಲ್ಲಿ ಒಂದು ಬಗೆಯಾಗಿ, ಪಹಣಿಯಲ್ಲಿ ಇನ್ನೊಂದು ಬಗೆಯಾಗಿ, ಬ್ಯಾಂಕಿನಲ್ಲಿ ಶರಣಬಸಪ್ಪ ಎಂದು ಮತ್ತೊಂದು ಬಗೆಯಾಗಿ ಬರೆದಿರುತ್ತಾರೆ. ಮಹಮ್ಮದ್ ಎಂಬುದು ಅರ್ಧ ಜನರಿಗೆ ‘ಎಂಡಿ’ ಆಗಿರುತ್ತದೆ. ಹುಟ್ಟಿದ ದಿನಾಂಕ ನೋಡಿ ಬೇರ್ಪಡಿಸೋಣವೆಂದರೆ, ಶಾಲೆಗೆ ಸೇರಿಸುವಾಗ ಮಾಸ್ತರರು ಎಲ್ಲರಿಗೂ ಜೂನ್ 1 ಎಂದೇ ಬರೆದಿದ್ದಾರೆ. ಒಂದೇ ಊರು, ಒಂದೇ ಹೆಸರು, ಒಂದೇ ಜೂನ್ 1. ಹಳೆಯ ಸಾಲಕ್ಕೆ ಪ್ಯಾನ್ ಕಾರ್ಡ್ ಜೋಡಣೆ ಆಗಿರದಿದ್ದರೆ, ಒಬ್ಬನ ಟ್ರ್ಯಾಕ್ಟರ್ ಸಾಲ ಇನ್ನೊಬ್ಬನ ವರದಿಯಲ್ಲಿ ಬಂದು ಕೂರುವುದು ಆಶ್ಚರ್ಯವೇನಲ್ಲ. ಹಾಗೆ ಬಂದು ಕೂತ ಟ್ರ್ಯಾಕ್ಟರನ್ನು ನೋಡಿ, ‘ಟ್ರ್ಯಾಕ್ಟರನ್ನಾದರೂ ಕೊಟ್ಟಿದ್ದರೆ ಕಂತು ಕಟ್ಟುತ್ತಿದ್ದೆ’ ಎಂದ ಗಿರಾಕಿಯೂ ಉಂಟು.

ಬ್ಯಾಂಕುಗಳ ಹೆಸರುಗಳೂ ಹಾಗೆಯೇ ಬದಲಾಗಿವೆ. ಈ ಭಾಗದ ಅರ್ಧ ಜನರ ಮೊದಲ ಪಾಸ್‌ಬುಕ್ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನದು. ಅದು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕ್ ಆಯಿತು. ನಮ್ಮ ಗ್ರಾಮೀಣ ಬ್ಯಾಂಕು 2019ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ವಿಲೀನ ಕಂಡಿತು. ಈ ವಿಲೀನಗಳಲ್ಲಿ ಯಾರ ತಪ್ಪೂ ಇಲ್ಲ. ಆದರೆ ‘ನಾನು ಈ ಬ್ಯಾಂಕಿಗೆ ಕಾಲಿಟ್ಟೇ ಇಲ್ಲ, ಇವರ ಸಾಲ ನನ್ನ ಹೆಸರಲ್ಲಿ ಹೇಗೆ ಬಂತು’ ಎಂದು ಗಾಬರಿಯಾಗಿ ಬಂದವರಿಗೆ ಇದು ನಿಮ್ಮದೇ ಹಳೆಯ ಸಾಲ ಎಂದು ವಿವರಿಸಲು ನನಗೆ ಅರ್ಧ ಗಂಟೆ ಬೇಕಾಗುತ್ತದೆ. ಆ ಅರ್ಧ ಗಂಟೆ ಶಾಖೆಯಲ್ಲಿ ಯಾರಿಗೂ ಇಲ್ಲ.

ಎಲ್ಲ ತಪ್ಪೂ ಆಚೆಯವರದೇ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಅಂಗಡಿಯಲ್ಲಿ ಮುದ್ರಿಸಿದ ವರದಿಗಳಲ್ಲಿ ಬಹುಪಾಲು ಸರಿಯಾಗಿಯೇ ಇರುತ್ತವೆ. ಕಟ್ಟಿರಲಿಲ್ಲ, ಬರೆದಿದ್ದಾರೆ. ನಾವು ಯಾರಿಗೆ ಮೊದಲು ಕಟ್ಟುತ್ತೇವೆ ನೋಡಿ: ಯಾರು ಬಾಗಿಲಿಗೆ ಬಂದು ಕೂಗುತ್ತಾರೋ ಅವರಿಗೆ. ವಾರದ ಕಂತಿನ ಫೈನಾನ್ಸ್‌ನವರಿಗೆ, ಬಡ್ಡಿ ಸಾಹುಕಾರನಿಗೆ, ಕೈಗಡ ಕೊಟ್ಟ ಬೀಗರಿಗೆ. ಬ್ಯಾಂಕು ಕೂಗುವುದಿಲ್ಲವಾದ್ದರಿಂದ ಅದರ ಸರದಿ ಕೊನೆಗೆ. ಸಾಹುಕಾರನ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 36. ಐವತ್ತು ಸಾವಿರಕ್ಕೆ ತಿಂಗಳಿಗೆ 1,500, ವರ್ಷಕ್ಕೆ 18,000, ಅಸಲು ಅಲ್ಲೇ ನಿಂತಿರುತ್ತದೆ. ಹತ್ತು ವರ್ಷ ತಪ್ಪದೆ ಕಟ್ಟಿದರೂ ಆ ನಿಯತ್ತು ಯಾವ ವರದಿಯಲ್ಲೂ ಏರುವುದಿಲ್ಲ. ಅತ್ತ ಬೆಳೆಸಾಲವನ್ನು ಹೊತ್ತಿಗೆ ಸರಿಯಾಗಿ ಕಟ್ಟಿದರೆ 3 ಲಕ್ಷದವರೆಗೆ ಬೀಳುವ ಬಡ್ಡಿ ಶೇ 4. ಸಹಕಾರ ಸಂಘದಲ್ಲಾದರೆ ರಾಜ್ಯ ಸರ್ಕಾರದ ಯೋಜನೆಯಲ್ಲಿ ಬಡ್ಡಿಯೇ ಇಲ್ಲ. ಅಗ್ಗದ ಸಾಲ ಕೆಡಿಸಿಕೊಂಡು ತುಟ್ಟಿಯ ಸಾಲಕ್ಕೆ ದುಡಿಯುತ್ತಿದ್ದೇವೆ.

ಸಾಲದಲ್ಲಿ ಸಿಲುಕಿದವರಿಗೆ ನಾನು ಮೊದಲು ಒಂದು ಬಿಳಿ ಹಾಳೆ ಕೊಡುತ್ತೇನೆ. ಯಾರಿಗೆ ಎಷ್ಟು, ನೂರಕ್ಕೆ ತಿಂಗಳಿಗೆ ಎಷ್ಟು ಬಡ್ಡಿ, ಒತ್ತೆ ಏನಿದೆ, ಬರೆಯಿರಿ ಎನ್ನುತ್ತೇನೆ. ಬರೆಯಲು ಕೂತವರಲ್ಲಿ ಹೆಚ್ಚಿನವರು ಮೂರನೆಯ ಸಾಲಿಗೆ ನಿಲ್ಲುತ್ತಾರೆ. ಬಡ್ಡಿ ಎಷ್ಟೆಂದು ಗೊತ್ತಿರುವುದಿಲ್ಲ, ಕಂತು ಎಷ್ಟೆಂದಷ್ಟೇ ಗೊತ್ತು. ಹಾಳೆ ತುಂಬಿದ ಮೇಲೆ ಯಾವುದನ್ನು ಮೊದಲು ತೀರಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಚಿನ್ನವಿದ್ದರೆ ಬ್ಯಾಂಕಿನಲ್ಲಿ ಒತ್ತೆ ಇಟ್ಟು ಸಾಹುಕಾರನ ಸಾಲ ಚುಕ್ತಾ ಮಾಡುವುದು ಎಷ್ಟೋ ಮನೆಗಳಲ್ಲಿ ಉಸಿರಾಡಲು ಜಾಗ ಮಾಡಿಕೊಟ್ಟಿದೆ. ಆ ಚಿನ್ನದ ಸಾಲವನ್ನು ಸಮಯಕ್ಕೆ ತೀರಿಸಿದರೆ ಅದು ವರದಿಯಲ್ಲೂ ಒಳ್ಳೆಯ ದಾಖಲೆಯಾಗಿ ಕಾಣುತ್ತದೆ. ಹೊಸ ಸಾಲ ಎತ್ತಿ ಹಳೆಯದರ ಕಂತು ಕಟ್ಟುವ ಚಾಳಿಯನ್ನು ಮಾತ್ರ ನಾನು ಎದುರಿಗೇ ಬೈಯುತ್ತೇನೆ. ಗಿರಾಕಿ ಹೋದರೂ ಚಿಂತೆಯಿಲ್ಲ.

ಹೆಣ್ಣುಮಕ್ಕಳ ವರದಿಗಳದ್ದು ಬೇರೆಯೇ ನೋವು. ಸಂಘದಲ್ಲಿ ಪಕ್ಕದ ಮನೆಯವಳಿಗಾಗಿ ತನ್ನ ಹೆಸರಿನಲ್ಲಿ ಸಾಲ ಎತ್ತಿ ಕೊಟ್ಟಿರುತ್ತಾಳೆ. ಇವಳ ಆಧಾರ, ಇವಳ ಹೆಬ್ಬೆಟ್ಟು, ದುಡ್ಡು ಅವಳದು. ಮಳೆ ಕೈಕೊಟ್ಟ ವರ್ಷ ಅವಳ ಮನೆಯವರು ಮುಂಬೈಗೋ ಪುಣೆಗೋ ಗುಳೆ ಹೋಗುತ್ತಾರೆ. ಕಂತು ಇವಳ ತಲೆಗೆ, ಕೆಟ್ಟ ಅಂಕವೂ ಇವಳದೇ. ನಾಳೆ ತನಗೇ ಹೊಲಿಗೆ ಯಂತ್ರಕ್ಕೆ ಸಾಲ ಬೇಕಾದಾಗ ಬಾಗಿಲು ಮುಚ್ಚಿರುತ್ತದೆ. ಕಿರುಕುಳ ಕೊಟ್ಟು ವಸೂಲಿ ಮಾಡುವುದರ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು. ಒಳ್ಳೆಯದಾಯಿತು. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ವಸೂಲಿಗೆ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕೂ ಹೇಳಿದೆ. ಆದರೆ ಆ ಕಾನೂನು ಬಂದ ಮೇಲೆ ‘ಇನ್ನು ಕಟ್ಟಬೇಕಿಲ್ಲವಂತೆ’ ಎಂಬ ಸುದ್ದಿಯೂ ಊರೂರು ಸುತ್ತಿತು. ಕಿರುಕುಳ ತಡೆಯುವ ಕಾನೂನು ದಾಖಲೆ ಅಳಿಸುವುದಿಲ್ಲ ಎಂದು ಆಗ ಯಾರಾದರೂ ಡಂಗುರ ಸಾರಬೇಕಿತ್ತು.

ಮನ್ನಾದ ವಿಷಯದಲ್ಲೂ ಹೀಗೇ ಆಯಿತು. 2018ರ ಮನ್ನಾದಲ್ಲಿ ವಾಣಿಜ್ಯ ಬ್ಯಾಂಕಿನ ಬೆಳೆಸಾಲಕ್ಕೆ 2 ಲಕ್ಷದ ಮಿತಿ, ಸಹಕಾರಿ ಸಾಲಕ್ಕೆ 1 ಲಕ್ಷದ ಮಿತಿ ಇತ್ತು. ಮಿತಿ ಮೀರಿದ ಭಾಗ ಉಳಿದೇ ಇತ್ತು. ‘ಸಾಲ ಮನ್ನಾ ಆಯಿತು’ ಎಂದು ನಂಬಿ ಕೂತವರ ಖಾತೆಯಲ್ಲಿ ಆ ಬಾಕಿ ಬಡ್ಡಿ ಹಾಕಿಕೊಂಡು ಬೆಳೆಯಿತು. ಪಹಣಿಯಲ್ಲಿ ನಮೂದಾದ ಸಾಲದ ಬೋಜಾ ಇಳಿಯಲಿಲ್ಲ. ಈಗ ಮಗನ ಹೆಸರಿಗೆ ಹೊಲ ಮಾಡಲು ಹೋದಾಗ ಗೊತ್ತಾಗುತ್ತಿದೆ.

ಬರ, ನೆರೆ, ರೋಗದಿಂದ ಕಟ್ಟಲಾಗದೆ ಹೋದವರದು ಬೇರೆ ಮಾತು. 2022ರಲ್ಲಿ ನೆಟೆ ರೋಗಕ್ಕೆ ತೊಗರಿ ನಿಂತ ನಿಲುವಿನಲ್ಲೇ ಒಣಗಿದ್ದು ತಮ್ಮ ಕಚೇರಿಯ ಕಡತಗಳಲ್ಲೇ ಇರಬೇಕು. ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆನಷ್ಟವಾದಾಗ ಬೆಳೆಸಾಲದ ಅವಧಿಯನ್ನು ಮುಂದಕ್ಕೆ ಹಾಕಿ ಮರುಹೊಂದಾಣಿಕೆ ಮಾಡಲು ಬ್ಯಾಂಕುಗಳಿಗೆ ಅವಕಾಶವಿದೆ. ಹಾಗೆ ಮಾಡಿಸಿಕೊಂಡರೆ ಆ ಸಾಲ ಸುಸ್ತಿ ಎನಿಸಿಕೊಳ್ಳುವುದಿಲ್ಲ. ಇದನ್ನು ಕೇಳಿ ಪಡೆಯಬೇಕೆಂದು ರೈತನಿಗೆ ಗೊತ್ತಿಲ್ಲ. ಪರಿಹಾರದ ಹಣಕ್ಕೆ ಎಫ್‌ಐಡಿ ಎಂಬ ರೈತರ ಗುರುತಿನ ಸಂಖ್ಯೆ ಜೋಡಿಸಲು ಸಾಲು ನಿಂತವನಿಗೆ ಅದೇ ಸಾಲಿನಲ್ಲಿ ಇನ್ನೊಂದು ಅರ್ಜಿ ಕೊಟ್ಟಿದ್ದರೆ ಸಾಕಿತ್ತು. ಬ್ಯಾಂಕಿನವರು ತಾವಾಗಿ ಹೇಳಲಿಲ್ಲ. ತಮ್ಮ ಸಭೆಯಲ್ಲಿ ಇದು ಪ್ರತಿ ಬಾರಿ ಚರ್ಚೆಯಾಗುತ್ತದೆ ಎಂದು ಕೇಳಿದ್ದೇನೆ. ಸಭೆಯ ನಡವಳಿಯಿಂದ ಹೊಲದ ಬದುವಿನವರೆಗೆ ಬರುವಷ್ಟರಲ್ಲಿ ಮಾತು ಎಲ್ಲಿ ಬಿದ್ದುಹೋಗುತ್ತದೆಯೋ.

ಈ ಕತ್ತಲೆಯಲ್ಲೇ ಏಜೆಂಟರು ಹುಟ್ಟಿಕೊಂಡಿದ್ದಾರೆ. ವಿದ್ಯುತ್ ಕಂಬಗಳ ಮೇಲೆ ಚೀಟಿ ಅಂಟಿಸುತ್ತಾರೆ: ಹದಿನೈದು ದಿನದಲ್ಲಿ ಸಿಬಿಲ್ ಸರಿ ಮಾಡಿಕೊಡಲಾಗುವುದು. ಐದು ಸಾವಿರ, ಹತ್ತು ಸಾವಿರ. ಸೇಡಂ ರಸ್ತೆಯ ಒಬ್ಬ ಲಾರಿ ಮಾಲೀಕರು ಹನ್ನೆರಡು ಸಾವಿರ ಕೊಟ್ಟು ಬಂದಿದ್ದರು. ಏಜೆಂಟನು ಮಾಡಿದ್ದು ಇಷ್ಟು: ಅವರ ಒಟಿಪಿ ಪಡೆದು, ವರದಿಯಲ್ಲಿನ ಪ್ರತಿಯೊಂದು ಸಾಲವನ್ನೂ ‘ಇದು ನನ್ನದಲ್ಲ’ ಎಂದು ತಕರಾರು ಹಾಕಿದ್ದ. ಚೆನ್ನಾಗಿ ಕಟ್ಟಿದ್ದ ಸಾಲಗಳನ್ನೂ ಸೇರಿಸಿ! ತಕರಾರು ಎಲ್ಲವೂ ತಿರಸ್ಕಾರವಾಗಿ ವಾಪಸು ಬಂದವು. ಏಜೆಂಟನ ಫೋನ್ ಬಂದ್ ಆಯಿತು. ನಿಜವಾಗಿ ಬಾಕಿ ಇದ್ದ ಸಾಲವನ್ನು ಯಾರಿಂದಲೂ ಅಳಿಸಲಾಗದು. ಸಂಸ್ಥೆಗಳು ದಾಖಲೆಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕೆಂಬುದೇ ನಿಯಮ. ತಪ್ಪು ನಮೂದಿದ್ದರೆ ಅದನ್ನು ತಿದ್ದಿಸಲು ಒಂದು ಪೈಸೆಯೂ ಬೇಕಿಲ್ಲ.

‘ಸೆಟಲ್ಮೆಂಟ್’ ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ಎಂಬತ್ತು ಸಾವಿರದ ಬಾಕಿಯನ್ನು ಮೂವತ್ತಕ್ಕೆ ಮುಗಿಸಿಕೊಡುತ್ತೇವೆ ಎಂದಾಗ ಯಾರಿಗಾದರೂ ಸಂತೋಷವೇ. ವರದಿಯಲ್ಲಿ ಅದು ‘ತೀರಿದೆ’ ಎಂದು ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಪೂರ್ತಿ ಕೊಡದೆ ಕೈತೊಳೆದುಕೊಂಡವನು ಎಂದು ಮುಂದಿನ ಬ್ಯಾಂಕು ಓದಿಕೊಳ್ಳುತ್ತದೆ. ಬೇರೆ ದಾರಿಯೇ ಇಲ್ಲದವರು ಅದನ್ನು ಒಪ್ಪಿಕೊಳ್ಳಲಿ, ತಪ್ಪಿಲ್ಲ. ಕೈಯಲ್ಲಿ ಹಣ ಬಂದಾಗ ಬಿಟ್ಟ ಭಾಗವನ್ನೂ ಕಟ್ಟಿ ‘ಕ್ಲೋಸ್ಡ್’ ಮಾಡಿಸಿಕೊಳ್ಳಬಹುದು. ಇದನ್ನು ಸಹಿ ಹಾಕಿಸಿಕೊಳ್ಳುವ ದಿನವೇ ಹೇಳಬೇಕಲ್ಲವೇ?

ಕೆಟ್ಟ ಅಂಕ ನಿಧಾನವಾಗಿ ಏರುತ್ತದೆ. ಬಾಕಿ ತೀರಿಸಿ ಬೇಬಾಕಿ ಪತ್ರ ಪಡೆದು, ಸಣ್ಣದೊಂದು ಸಾಲವನ್ನು ತಿಂಗಳು ತಪ್ಪದೆ ಕಟ್ಟುತ್ತಾ ಹೋಗಬೇಕು. ಕ್ರೆಡಿಟ್ ಕಾರ್ಡ್ ಇದ್ದವರು ಮಿತಿಯನ್ನೆಲ್ಲ ಬಳಸಿಬಿಡಬಾರದು. ಒಂದು ಕಡೆ ಇಲ್ಲವೆಂದರೆ ಅದೇ ವಾರ ಇನ್ನೈದು ಕಡೆ ಅರ್ಜಿ ಹಾಕಬಾರದು, ಏಕೆಂದರೆ ಪ್ರತಿ ಅರ್ಜಿಯೂ ದಾಖಲಾಗುತ್ತದೆ. ಯಾರಿಗೋ ಜಾಮೀನು ನಿಂತಿದ್ದರೆ ಆ ಸಾಲವೂ ನಿಮ್ಮ ವರದಿಯಲ್ಲಿದೆ ಎಂದು ನೆನಪಿರಲಿ. ನನ್ನ ಅಂಕ 611ರಿಂದ 700 ದಾಟಲು ಒಂದೂವರೆ ವರ್ಷ ಬೇಕಾಯಿತು. ಬೋರಮಾಳ ಅದಕ್ಕೂ ಮೊದಲೇ ಮನೆಗೆ ಬಂತು.

ಇನ್ನು ತಮ್ಮಿಂದ ಏನು ಬೇಕೆಂದು ಹೇಳುತ್ತೇನೆ.

ಹೊಸ ಕಾನೂನು ಏನೂ ಬೇಡ, ಇರುವುದೇ ಸಾಕು. ಸಾಲದ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನ್ಯಾಯೋಚಿತ ವ್ಯವಹಾರ ಸಂಹಿತೆ ಹೇಳುತ್ತದೆ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ 21ನೇ ಕಲಂ ಪ್ರಕಾರ, ಅರ್ಜಿದಾರ ಕೇಳಿದರೆ ಬ್ಯಾಂಕು ತಾನು ನೋಡಿದ ವರದಿಯ ಪ್ರತಿಯನ್ನು ನಿಗದಿತ ಶುಲ್ಕ ಪಡೆದು ಕೊಡಬೇಕು. ಕಲಬುರಗಿಯ ಯಾವ ಶಾಖೆಯಲ್ಲಾದರೂ ಹೀಗೆ ಕೊಟ್ಟ ಒಂದು ಕಾಗದ ನನ್ನ ಅಂಗಡಿಗೆ ಇನ್ನೂ ಬಂದಿಲ್ಲ. ಮುಂದಿನ ಸಭೆಯಲ್ಲಿ, ಕಳೆದ ಮೂರು ತಿಂಗಳಲ್ಲಿ ಸಿಬಿಲ್ ಕಾರಣಕ್ಕೆ ಎಷ್ಟು ಅರ್ಜಿ ತಿರಸ್ಕರಿಸಿದಿರಿ, ಅದರಲ್ಲಿ ಎಷ್ಟು ಮಂದಿಗೆ ಬರೆದು ಕೊಟ್ಟಿರಿ ಎಂದು ಪ್ರತಿ ಬ್ಯಾಂಕನ್ನೂ ಕೇಳಿ. ತಾವು ಕೇಳಿದ್ದನ್ನು ಅವರು ಮುಂದಿನ ಸಭೆಗೆ ಲೆಕ್ಕ ಇಟ್ಟುಕೊಂಡು ಬರುತ್ತಾರೆ, ನಾವು ಕೇಳಿದರೆ ಊಟದ ಸಮಯ ಎನ್ನುತ್ತಾರೆ. ಬರೆದು ಕೊಡುವ ಕಾಗದ ಕನ್ನಡದಲ್ಲಿರಲಿ: ಯಾವ ಸಾಲ, ಯಾವ ಸಂಸ್ಥೆ, ಎಷ್ಟು ಬಾಕಿ, ಎಲ್ಲಿ ತಿದ್ದಿಸಬೇಕು. ನಾಲ್ಕು ಸಾಲು ಸಾಕು.

ಅದರ ಜೊತೆಗೆ ಒಂದು ಅದಾಲತ್ ಬೇಕು. ಕಂದಾಯ ಅದಾಲತ್ ನಡೆಸುತ್ತೀರಿ, ಪಿಂಚಣಿ ಅದಾಲತ್ ನಡೆಸುತ್ತೀರಿ. ಸಾಲದ ದಾಖಲೆಗೂ ತಾಲ್ಲೂಕಿಗೊಂದು ದಿನ ಅಂಥದ್ದೇ ಇರಲಿ. ಬ್ಯಾಂಕಿನವರು, ಫೈನಾನ್ಸ್ ಕಂಪನಿಗಳವರು, ಸಂಘಗಳಿಗೆ ಸಾಲ ಕೊಡುವವರು ತಮ್ಮ ತಮ್ಮ ಕಂಪ್ಯೂಟರ್ ತಂದು ಒಂದೇ ಸಭಾಂಗಣದಲ್ಲಿ ಕೂರಲಿ. ವರದಿಯಲ್ಲಿ ತಪ್ಪಿದ್ದವನು ಆ ಮೇಜಿನಿಂದ ಈ ಮೇಜಿಗೆ ನಡೆದರೆ ಸಾಕು. ಹೆಸರು ಬೆರೆತದ್ದು, ಕಟ್ಟಿದ ಸಾಲ ಬಾಕಿ ಎಂದು ಉಳಿದದ್ದು, ವಿಲೀನದಲ್ಲಿ ಎರಡಾಗಿ ಕಂಡದ್ದು, ಇವುಗಳ ದೂರನ್ನು ಅಲ್ಲೇ ಬರೆದು, ಅಲ್ಲೇ ಸ್ವೀಕೃತಿ ಕೊಡಲಿ. ಸ್ವೀಕೃತಿಯ ದಿನಾಂಕವೇ ಮುಖ್ಯ, ಮೂವತ್ತು ದಿನದ ಎಣಿಕೆ ಅಲ್ಲಿಂದ ಶುರುವಾಗುತ್ತದೆ. ಆ ಮೂವತ್ತರಲ್ಲಿ 21 ದಿನ ಸಾಲ ಕೊಟ್ಟವರದು, ಉಳಿದದ್ದು ವರದಿ ಇಡುವ ಸಂಸ್ಥೆಯದು. ಅಷ್ಟರಲ್ಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು ಎಂದು, 14448ಕ್ಕೆ ಫೋನ್ ಮಾಡಿ ಕೇಳಬಹುದು ಎಂದು ಸಭಾಂಗಣದ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ.

ದಿನ ಗೊತ್ತು ಮಾಡುವಾಗ ಒಂದು ಮಾತು. ಏಪ್ರಿಲ್, ಮೇ ಬೇಡ, ಇಲ್ಲಿನ ಬಿಸಿಲು ತಮಗೂ ಗೊತ್ತು. ಸಂಕ್ರಾಂತಿ ಕಳೆದ ಮೇಲೆ, ತೊಗರಿ ಮಾರಿದ ಹಣ ಕೈಯಲ್ಲಿರುವಾಗ ಇಡಿ. ಹಳೆಯ ಬಾಕಿ ಇದ್ದವನಿಗೂ ಅಂದು ಕಟ್ಟಿ ಮುಗಿಸುವ ಧೈರ್ಯ ಇರುತ್ತದೆ. ಈಗ ದಾಖಲೆ ಹದಿನೈದು ದಿನಕ್ಕೊಮ್ಮೆಯಾದರೂ ಹೊಸದಾಗುವುದರಿಂದ ಮುಂಗಾರಿನ ಬೆಳೆಸಾಲಕ್ಕೆ ಹೋಗುವಷ್ಟರಲ್ಲಿ ಅವನ ವರದಿ ಸರಿಯಾಗಿರುತ್ತದೆ. ಕಲಬುರಗಿ ನಗರಕ್ಕಿಂತ ಮೊದಲು ಚಿಂಚೋಳಿಯಲ್ಲೋ ಅಫಜಲಪುರದಲ್ಲೋ ನಡೆಸಿ. ನಗರದವರು ನನ್ನ ಅಂಗಡಿಗಾದರೂ ಬರುತ್ತಾರೆ.

ಖರ್ಚಿನ ಮಾತು ಬರಬಹುದು. ಮೊದಲ ಅದಾಲತ್ತಿಗೆ ನನ್ನ ಲ್ಯಾಪ್‌ಟಾಪನ್ನೂ ಮುದ್ರಣ ಯಂತ್ರವನ್ನೂ ನಾನೇ ತರುತ್ತೇನೆ, ಕಾಗದವೂ ನನ್ನದೇ. ಬಂದವರಿಗೆಲ್ಲ ಅವರ ವರದಿಯನ್ನು ಉಚಿತವಾಗಿ ತೆಗೆದುಕೊಟ್ಟು, ತಪ್ಪಿರುವ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಮುಂದಿನ ಮೇಜಿಗೆ ಕಳುಹಿಸುತ್ತೇನೆ. ಗೋಡೆಯ ಹತ್ತಿರ ಒಂದು ಮೇಜು, ಕರೆಂಟು ಬರುವ ಒಂದು ಪ್ಲಗ್ ಕೊಡಿಸಿ. ಹಳೆಯ ಸಿಮ್ ಕಳೆದುಕೊಂಡವರಿಗಾಗಿ ಬ್ಯಾಂಕಿನಲ್ಲಿ ಮೊಬೈಲ್ ನಂಬರ್ ಬದಲಿಸುವ ಅರ್ಜಿಯನ್ನೂ ಇನ್ನೂರು ಪ್ರತಿ ತೆಗೆದಿಟ್ಟಿದ್ದೇನೆ.

ಇಂತಿ,
ಝೆರಾಕ್ಸ್ ಅಂಗಡಿಯವನು
ಕಲಬುರಗಿ